ಚೆಕ್ ಎಂಜಿನ್ ಲೈಟ್ ಬಂತಾ? ಪಾರ್ಟ್ ಬದಲಾಯಿಸುವ ಮೊದಲು ಇಸಿಎಂ ಏನು ನೋಡುತ್ತಿದೆ ಅಂತ ನೀವೂ ನೋಡಿ

ಮೀಟರ್ ಬೋರ್ಡಿನಲ್ಲಿ ಹಳದಿ ಬಣ್ಣದ ಎಂಜಿನ್ ಚಿತ್ರ ಹೊತ್ತಿಕೊಂಡ ದಿನ ನಾನು ನೇರವಾಗಿ ಗ್ಯಾರೇಜಿಗೆ ಹೋದೆ. ಸ್ಕ್ಯಾನರ್ ಹಾಕಿದರು. ಪಿ0171 ಅಂತ ಕೋಡ್ ಬಂತು. "ಆಕ್ಸಿಜನ್ ಸೆನ್ಸರ್ ಹೋಗಿದೆ ಸಾರ್" ಅಂದರು. ಹೊಸ ಸೆನ್ಸರ್ ಬಿತ್ತು, ಐದು ಸಾವಿರದ ಮೇಲೆ ಬಿಲ್ ಆಯಿತು, ಲೈಟ್ ಆರಿತು. ಎಂಟನೇ ದಿನ ಅದೇ ಲೈಟ್, ಅದೇ ಕೋಡ್.

ಪಿ0171 ಅಂದರೆ ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಅಂತಲ್ಲ. ಎಂಜಿನ್ನಿಗೆ ಹೋಗುತ್ತಿರುವ ಮಿಶ್ರಣದಲ್ಲಿ ಪೆಟ್ರೋಲಿಗೆ ಬೇಕಾದುದಕ್ಕಿಂತ ಗಾಳಿ ಜಾಸ್ತಿ ಆಗಿದೆ ಅಂತ ಅರ್ಥ. ಅದನ್ನು ಕಂಡು ಹೇಳಿದ್ದೇ ಆ ಸೆನ್ಸರ್. ಕಳ್ಳ ಬಂದ ಅಂತ ಬೊಗಳಿದ ನಾಯಿಯನ್ನೇ ಮನೆಯಿಂದ ಓಡಿಸಿದ ಹಾಗಾಯಿತು. ನಿಜವಾದ ಕಳ್ಳ ಯಾರು, ಅವನನ್ನು ಮನೆ ಮುಂದೆ ನಿಂತು ಹೇಗೆ ಹಿಡಿದೆ ಅನ್ನುವುದನ್ನು ಮುಂದೆ ಬರೆದಿದ್ದೇನೆ. ಅದಕ್ಕೆ ಮೊದಲು ಇಸಿಎಂ (ಎಂಜಿನ್ ಕಂಟ್ರೋಲ್ ಮಾಡ್ಯೂಲ್, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್) ಅನ್ನುವ ಆ ಅಲ್ಯೂಮಿನಿಯಂ ಡಬ್ಬಿ ದಿನವಿಡೀ ಏನು ಮಾಡುತ್ತದೆ ಅಂತ ಸ್ವಲ್ಪ ಗೊತ್ತಿರಬೇಕು. ಇಲ್ಲದಿದ್ದರೆ ಅಂಕಿ ಕಾಣುತ್ತದೆ, ಅರ್ಥ ಆಗುವುದಿಲ್ಲ.

ಇಸಿಎಂಗೆ ಗೊತ್ತಿರುವುದು ವೋಲ್ಟೇಜ್ ಮಾತ್ರ

ಎಂಜಿನ್ ಒಳಗೆ ಇಣುಕಿ ನೋಡಲು ಇಸಿಎಂಗೆ ಕಣ್ಣಿಲ್ಲ. ಎಷ್ಟೋ ಸೆನ್ಸರ್‌ಗಳಿಗೆ ಅದೇ 5 ವೋಲ್ಟ್ ಕಳಿಸುತ್ತದೆ, ವಾಪಸ್ ಎಷ್ಟು ಬಂತು ನೋಡುತ್ತದೆ, ಅದರಿಂದ ಕೂಲೆಂಟ್ ಎಷ್ಟು ಬಿಸಿ, ಒಳಗೆ ಹೋಗುವ ಗಾಳಿ ಎಷ್ಟು, ನಿಮ್ಮ ಕಾಲು ಆಕ್ಸಿಲರೇಟರನ್ನು ಎಷ್ಟು ಒತ್ತಿದೆ ಅಂತ ಲೆಕ್ಕ ಹಾಕುತ್ತದೆ. ಆ ಲೆಕ್ಕದ ಮೇಲೆ ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕು, ಪ್ಲಗ್ ಯಾವ ಗಳಿಗೆಯಲ್ಲಿ ಕಿಡಿ ಹಾರಿಸಬೇಕು, ಥ್ರಾಟಲ್ ಎಷ್ಟು ತೆರೆಯಬೇಕು ಅಂತ ತೀರ್ಮಾನ ಮಾಡುತ್ತದೆ. ಪ್ರತಿ ಸುತ್ತಿಗೂ ಹೊಸ ಲೆಕ್ಕ.

ಹಳೆಯ ಕಾರ್ಬ್ಯುರೇಟರ್ ಕಾರು ಓಡಿಸಿದವರಿಗೆ ಚೋಕ್ ನೆನಪಿರಬಹುದು. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಮರೆಯದೆ ಒಳಗೆ ತಳ್ಳಬೇಕಿತ್ತು. ಆ ಕೆಲಸ ಈಗ ಕೂಲೆಂಟ್ ಸೆನ್ಸರ್ ಕೊಡುವ ಸುದ್ದಿಯ ಮೇಲೆ ನಡೆಯುತ್ತದೆ. ಆಗ ಡ್ರೈವರ್ ಕಿವಿಯೇ ಸೆನ್ಸರ್ ಆಗಿತ್ತು, ಅಷ್ಟೇ ವ್ಯತ್ಯಾಸ.

ಇದೆಲ್ಲ ಪಿಕಪ್ಪಿಗೆ, ಮೈಲೇಜಿಗೆ ಮಾತ್ರ ಅಂದುಕೊಳ್ಳಬೇಡಿ. ದೊಡ್ಡ ಕಾರಣ ಹೊಗೆ. ಸೈಲೆನ್ಸರ್ ಪೈಪಿನ ಮೊದಲ ಭಾಗದಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ, ಎಲ್ಲರೂ ಕ್ಯಾಟ್ ಅನ್ನುತ್ತಾರೆ. ಒಳಗೆ ಜೇನುಗೂಡಿನ ಹಾಗಿರುವ ಸೆರಾಮಿಕ್, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನ. ಅದು ಒಟ್ಟಿಗೆ ಮೂರು ವಿಷ ಕಡಿಮೆ ಮಾಡಬೇಕು: ಕಾರ್ಬನ್ ಮಾನಾಕ್ಸೈಡ್, ಉರಿಯದೆ ಉಳಿದ ಪೆಟ್ರೋಲ್ ಆವಿ, ನೈಟ್ರೋಜನ್ ಆಕ್ಸೈಡ್. ತೊಂದರೆ ಏನೆಂದರೆ ಮೊದಲ ಎರಡನ್ನು ಸುಡಲು ಆಮ್ಲಜನಕ ಬೇಕು, ಮೂರನೆಯದನ್ನು ಒಡೆಯಬೇಕಾದರೆ ಆಮ್ಲಜನಕ ಜಾಸ್ತಿ ಇರಬಾರದು. ಎರಡೂ ಒಟ್ಟಿಗೆ ಆಗುವುದು ಒಂದೇ ಜಾಗದಲ್ಲಿ. 1 ಕೆಜಿ ಪೆಟ್ರೋಲಿಗೆ 14.7 ಕೆಜಿ ಗಾಳಿ. ಅದರ ಆಚೆ ಈಚೆ ಸ್ವಲ್ಪ ಸರಿದರೂ ಮೂರರಲ್ಲಿ ಒಂದಾದರೂ ಹೊರಗೆ ಬರುತ್ತದೆ. ಕಾರ್ಬ್ಯುರೇಟರಿನಿಂದ ಇಷ್ಟು ಸೂಕ್ಷ್ಮವಾಗಿ ಹಿಡಿದಿಡಲು ಆಗುವುದಿಲ್ಲ. ಹಾಗಾಗಿಯೇ ಆಕ್ಸಿಜನ್ ಸೆನ್ಸರ್ ಬಂತು. 1976ರಲ್ಲಿ ಬಾಷ್ ಕಂಪನಿಯ ಸೆನ್ಸರ್ ಮೊದಲು ಬಂದದ್ದು ವೋಲ್ವೊ ಕಾರಿನಲ್ಲಿ. ಆಡುಗೋಡಿಯಲ್ಲಿ ನಮ್ಮವರು ಈಗಲೂ ಮೈಕೋ ಅಂತಲೇ ಕರೆಯುತ್ತಾರಲ್ವಾ, ಅದೇ ಬಾಷ್.

ಏನು ಬೇಕು

ಸ್ಟಿಯರಿಂಗ್ ಕೆಳಗೆ, ಡ್ರೈವರ್ ಮೊಣಕಾಲಿನ ಹತ್ತಿರ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಕೆಲವು ಕಾರಿನಲ್ಲಿ ಫ್ಯೂಸ್ ಬಾಕ್ಸ್ ಮುಚ್ಚಳದ ಹಿಂದೆ ಅಡಗಿರುತ್ತದೆ. ಅದೇ ಒಬಿಡಿ ಪೋರ್ಟ್, ಇಸಿಎಂ ಜೊತೆ ಮಾತಾಡುವ ಕಿಂಡಿ. ನಮ್ಮಲ್ಲಿ 2013ರ ಏಪ್ರಿಲ್‌ನಿಂದ ಬಿಎಸ್4 (ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ ನಿಯಮ) ಕಾರುಗಳಿಗೆ ಒಬಿಡಿ-2 ಕಡ್ಡಾಯ ಆಯಿತು, ಹಾಗಾಗಿ ಆಮೇಲಿನ ಕಾರುಗಳಲ್ಲಿ ಯೋಚನೆ ಇಲ್ಲ. ಅದಕ್ಕೆ ಚುಚ್ಚುವ ಬ್ಲೂಟೂತ್ ಡಾಂಗಲ್ ಒಂದು ಬೇಕು. ಇಎಲ್ಎಂ 327 ಅಂತ ಕೇಳಿದರೆ ಎಲ್ಲೆಡೆ ಸಿಗುತ್ತದೆ. ತೀರಾ ಅಗ್ಗದ್ದು ಬೇಡ, ಅರ್ಧಕ್ಕೆ ಸಂಪರ್ಕ ಕಡಿದುಕೊಂಡು ತಲೆ ತಿನ್ನುತ್ತದೆ. ಐಫೋನ್ ಇದ್ದರೆ ಅದಕ್ಕೆ ಹೊಂದುತ್ತದಾ ಅಂತ ಕೇಳಿ ತಗೊಳ್ಳಿ. ಫೋನಿಗೆ ಟಾರ್ಕ್ ತರಹದ ಒಂದು ಆ್ಯಪ್ ಹಾಕಿಕೊಳ್ಳಿ. ಕೋಡ್ ಓದುವುದಷ್ಟೇ ಅಲ್ಲ, ಲೈವ್ ಡೇಟಾ ತೋರಿಸಬೇಕು. ಅದು ಮುಖ್ಯ.

ಎರಡು ಎಚ್ಚರಿಕೆ ಹೇಳಿಬಿಡುತ್ತೇನೆ. ಕೆಲಸ ಮುಗಿದ ಮೇಲೆ ಡಾಂಗಲ್ ಕಿತ್ತಿಡಿ, ಆ ಸಾಕೆಟ್ಟಿಗೆ ಕೀ ತೆಗೆದರೂ ಬ್ಯಾಟರಿ ಕರೆಂಟ್ ಬರುತ್ತಲೇ ಇರುತ್ತದೆ. ಇನ್ನೊಂದು, ಎಂಜಿನ್ ಓಡಿಸಿಕೊಂಡು ನೋಡುವುದೆಲ್ಲ ಬಯಲಲ್ಲಿ ಮಾಡಿ. ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ, ಶಟರ್ ಎಳೆದ ಗ್ಯಾರೇಜಿನಲ್ಲಿ ಬೇಡವೇ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ತಲೆ ಸುತ್ತುವವರೆಗೂ ಗೊತ್ತಾಗುವುದಿಲ್ಲ. ಬಾನೆಟ್ ಒಳಗೆ ಕೈ ಹಾಕುವಾಗ ರೇಡಿಯೇಟರ್ ಫ್ಯಾನ್ ತಾನಾಗೇ ತಿರುಗಬಹುದು ಅನ್ನುವುದೂ ನೆನಪಿರಲಿ.

ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ಶುರು ಮಾಡಿ

ರಾತ್ರಿಯೆಲ್ಲ ನಿಂತ ಕಾರು ಇದಕ್ಕೆ ತುಂಬಾ ಒಳ್ಳೆಯದು. ಇಗ್ನಿಷನ್ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಆ್ಯಪ್‌ನಲ್ಲಿ ಕೂಲೆಂಟ್ ಬಿಸಿ ಮತ್ತು ಒಳಗೆ ಹೋಗುವ ಗಾಳಿಯ ಬಿಸಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ರಾತ್ರಿಯಿಡೀ ನಿಂತಿದೆ ಅಂದಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು, ಹೊರಗಿನ ಹವೆಯಷ್ಟೇ. ಒಂದು 23, ಇನ್ನೊಂದು 24 ಡಿಗ್ರಿ, ಸರಿ. ಒಂದು 23, ಇನ್ನೊಂದು 45 ಅಂದರೆ ಎರಡರಲ್ಲೊಂದು ಸುಳ್ಳು ಹೇಳುತ್ತಿದೆ.

ಕೂಲೆಂಟ್ ಸೆನ್ಸರ್ ಸುಳ್ಳು ಹೇಳಿದರೆ ಮಿಕ್ಕ ಲೆಕ್ಕವೆಲ್ಲ ತಪ್ಪುತ್ತದೆ. ಎಂಜಿನ್ ಬಿಸಿ ಇದ್ದರೂ ತಣ್ಣಗಿದೆ ಅಂತ ಹೇಳಿದರೆ ಇಸಿಎಂ ಚೋಕ್ ಎಳೆದ ಹಾಗೆ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಮೈಲೇಜ್ ಬಿದ್ದುಹೋಗುತ್ತದೆ, ಪ್ಲಗ್ ಕಪ್ಪಾಗುತ್ತದೆ.

ಇಲ್ಲಿ ಒಂದು ಅಂಕಿ ನೆನಪಿಟ್ಟುಕೊಳ್ಳಿ: ಮೈನಸ್ 40. ಬೇಸಿಗೆ ಬಿಸಿಲಲ್ಲಿ ನಿಂತ ಕಾರಿನ ಕೂಲೆಂಟ್ ಮೈನಸ್ 40 ಡಿಗ್ರಿ ಅಂತ ಬಂದರೆ ಆ್ಯಪ್ ಕೆಟ್ಟಿದೆ ಅಂತ ಬಿಡಬೇಡಿ. ಈ ಸೆನ್ಸರ್ ತಣ್ಣಗಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತದೆ, ಬಿಸಿಯಾದಷ್ಟೂ ಇಳಿಯುತ್ತದೆ. ಬೆಳಗಿನ 20 ಡಿಗ್ರಿಯಲ್ಲಿ ಎರಡು ಮೂರು ಸಾವಿರ ಓಮ್ ಇರುವುದು, ಎಂಜಿನ್ 90 ಡಿಗ್ರಿಗೆ ಬಂದಾಗ ಇನ್ನೂರು ಮುನ್ನೂರಕ್ಕೆ ಇಳಿಯುತ್ತದೆ. ವೈರ್ ಪೂರ್ತಿ ಕಡಿದರೆ? ರೆಸಿಸ್ಟೆನ್ಸ್ ಎಣಿಕೆಗೇ ಸಿಗದಷ್ಟು ಆಗುತ್ತದೆ, ಇಸಿಎಂ ಅದನ್ನು ಅತಿ ಚಳಿ ಅಂತ ಓದುತ್ತದೆ. ಅಂದರೆ ಮೈನಸ್ 40 ಬಂದರೆ ಸೆನ್ಸರ್ ತರಿಸುವ ಮೊದಲು ಕಪ್ಲರ್ ಬಿಚ್ಚಿ ನೋಡಿ, ವೈರ್ ಜಾಡು ಹಿಡಿದು ಹೋಗಿ. ಮಳೆಗಾಲದಲ್ಲಿ ಇಲಿ ಬಾನೆಟ್ ಒಳಗೆ ಸೇರಿ ವೈರ್ ಕಡಿಯುವುದು ನಮ್ಮ ಕಡೆ ಮಾಮೂಲು. ನನ್ನ ಪಕ್ಕದ ಮನೆಯವರ ಕಾರಿನಲ್ಲಿ ಆಗಿದ್ದು ಅದೇ: ಕಪ್ಲರಿನಿಂದ ಒಂದು ಗೇಣು ದೂರದಲ್ಲಿ ವೈರ್ ತುಂಡಾಗಿ ತಾಮ್ರ ಹೊಳೆಯುತ್ತಿತ್ತು, ಪಕ್ಕದಲ್ಲೇ ಇಲಿ ಹಿಕ್ಕೆ. ಬೆಸುಗೆ ಹಾಕಿ ಸ್ಲೀವ್ ಹಾಕಿದ ಮೇಲೆ ಅಂಕಿ ಸರಿಹೋಯಿತು.

ಈಗ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಪೈಪು) ಪ್ರೆಷರ್ ನೋಡಿ, ಮ್ಯಾಪ್ ಅಂತ ಬರೆದಿರುತ್ತದೆ. ಎಂಜಿನ್ ಓಡದಿದ್ದಾಗ ಒಳಗೂ ಹೊರಗೂ ಒಂದೇ ಒತ್ತಡ. ಅಂದರೆ ಈ ಸೆನ್ಸರ್ ಈಗ ನಿಮ್ಮ ಊರಿನ ಗಾಳಿಯ ಒತ್ತಡವನ್ನೇ ಹೇಳುತ್ತಿದೆ. ಮಂಗಳೂರಿನಲ್ಲಿ 100, 101 ಕಿಲೋಪಾಸ್ಕಲ್ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿ 91ರ ಸುತ್ತ. ಮುಳ್ಳಯ್ಯನಗಿರಿ ಹತ್ತಿರ ಗಾಡಿ ನಿಲ್ಲಿಸಿ ನೋಡಿದರೆ 80ರ ಆಸುಪಾಸಿಗೆ ಇಳಿದಿರುತ್ತದೆ. ನನಗೆ ಇದು ತುಂಬಾ ಇಷ್ಟವಾದ ಅಂಕಿ. ಕರಾವಳಿಯಿಂದ ಚಾರ್ಮಾಡಿ ಘಾಟಿ ಹತ್ತುವಾಗ ಗಾಳಿ ತೆಳ್ಳಗಾದ ಹಾಗೆ ಇಸಿಎಂ ತಾನೇ ಪೆಟ್ರೋಲ್ ಇಳಿಸುತ್ತಾ ಹೋಗುತ್ತದೆ. ಕಾರ್ಬ್ಯುರೇಟರ್ ಕಾರು ಅದೇ ಘಾಟಿಯಲ್ಲಿ ಪೆಟ್ರೋಲ್ ಜಾಸ್ತಿಯಾಗಿ ಕಪ್ಪು ಹೊಗೆ ಬಿಡುತ್ತಿತ್ತು. ಬೆಂಗಳೂರಿನಲ್ಲಿ ಕೂತು ನಿಮ್ಮ ಮ್ಯಾಪ್ 101 ತೋರಿಸಿದರೆ, ಅಥವಾ 70 ತೋರಿಸಿದರೆ, ಸೆನ್ಸರ್ ಮೇಲೆ ಅನುಮಾನ ಪಡಿ.

ಎಂಜಿನ್ ಸ್ಟಾರ್ಟೇ ಆಗುತ್ತಿಲ್ಲ ಅನ್ನುವವರಿಗೆ ಒಂದು ಮಾತು. ಸೆಲ್ಫ್ ಹೊಡೆಯುತ್ತಾ ಆ್ಯಪ್‌ನಲ್ಲಿ ಆರ್‌ಪಿಎಂ ನೋಡಿ. ಎಂಜಿನ್ ತಿರುಗುವ ಶಬ್ದ ಬರುತ್ತಿದ್ದರೆ ಇನ್ನೂರರ ಆಸುಪಾಸು ಏನಾದರೂ ಕಾಣಬೇಕು. ಸೊನ್ನೆಯಲ್ಲೇ ನಿಂತಿದ್ದರೆ ಎಂಜಿನ್ ತಿರುಗುವುದನ್ನು ಹೇಳುವ ಕ್ರ್ಯಾಂಕ್ ಸೆನ್ಸರ್ ಅಥವಾ ಅದರ ವೈರಿಂಗ್ ಕಡೆ ಹೋಗಿ. ಕ್ರ್ಯಾಂಕ್ ತಿರುಗುತ್ತಿದೆ ಅಂತ ಗೊತ್ತಾಗದೆ ಇಸಿಎಂ ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಕೊಡುವುದಿಲ್ಲ. ಬಿಸಿಯಾದಾಗ ದಾರಿಯಲ್ಲಿ ಆಫ್ ಆಗಿ, ಅರ್ಧ ಗಂಟೆ ಬಿಟ್ಟು ಸ್ಟಾರ್ಟ್ ಆಗುವ ಕಾರುಗಳಲ್ಲಿ ಎಷ್ಟೋ ಸಲ ಇದೇ ಕಥೆ.

ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಸುಮ್ನೆ ನೋಡಿ

ಮೊದಲಿಗೆ ಆರ್‌ಪಿಎಂ ಸಾವಿರದ ಮೇಲೆ ಇರುತ್ತದೆ, ಬಿಸಿಯಾದ ಹಾಗೆ ಏಳುನೂರು ಎಂಟುನೂರಕ್ಕೆ ಇಳಿಯುತ್ತದೆ. ಫ್ಯೂಯಲ್ ಸಿಸ್ಟಂ ಸ್ಟೇಟಸ್ ಅನ್ನುವ ಕಡೆ ಓಪನ್ ಲೂಪ್ ಅಂತ ಬರೆದಿರುತ್ತದೆ. ಅಂದರೆ ಇಸಿಎಂ ಈಗ ಆಕ್ಸಿಜನ್ ಸೆನ್ಸರ್ ಮಾತು ಕೇಳುತ್ತಿಲ್ಲ, ತನ್ನಲ್ಲಿರುವ ಪಟ್ಟಿ ನೋಡಿ ಪೆಟ್ರೋಲ್ ಅಳೆಯುತ್ತಿದೆ. ಆ ಸೆನ್ಸರ್ ಕೆಲಸ ಮಾಡಬೇಕಾದರೆ ಮುನ್ನೂರು ಡಿಗ್ರಿಗಿಂತ ಮೇಲೆ ಬಿಸಿಯಾಗಬೇಕು, ಅದಕ್ಕಾಗಿ ಒಳಗೇ ಒಂದು ಹೀಟರ್ ಇದೆ. ಕ್ಯಾಟ್ ಕೂಡ ಹಾಗೇ, ತಣ್ಣಗಿದ್ದಾಗ ಅದರಿಂದ ಹೆಚ್ಚು ಕೆಲಸ ಆಗುವುದಿಲ್ಲ. ಹಾಗಾಗಿ ಇಸಿಎಂ ಮೊದಲ ನಿಮಿಷದಲ್ಲಿ ಬೇಕೆಂದೇ ಕಿಡಿಯನ್ನು ತಡ ಮಾಡಿ ಬಿಸಿ ಹೊಗೆಯನ್ನು ಪೈಪಿಗೆ ಕಳಿಸುತ್ತದೆ, ಕ್ಯಾಟ್ ಬೇಗ ಕಾಯಲಿ ಅಂತ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಶಬ್ದ ಸ್ವಲ್ಪ ಒರಟಾಗಿರುವುದು ಇದಕ್ಕೇ, ಗಾಬರಿ ಬೇಡ.

ಸ್ವಲ್ಪ ಹೊತ್ತಿಗೆ ಕ್ಲೋಸ್ಡ್ ಲೂಪ್ ಅಂತ ಬದಲಾಗಬೇಕು. ಬದಲಾಗದಿದ್ದರೆ ಕೂಲೆಂಟ್ ಅಂಕಿ ನೋಡಿ. ಓಡಿಸಿದ ಮೇಲೂ 80 ಮುಟ್ಟದೆ 60, 65ರಲ್ಲೇ ತೇಲಾಡುತ್ತಿದ್ದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೂ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್) ತೆರೆದುಕೊಂಡೇ ಸಿಕ್ಕಿಹಾಕಿಕೊಂಡಿರಬಹುದು. ನಮ್ಮಲ್ಲಿ ಕೆಲವರು "ಈ ಬಿಸಿಲಿಗೆ ಥರ್ಮೋಸ್ಟಾಟ್ ಬೇಡ ಸಾರ್" ಅಂತ ಕಿತ್ತೇ ಹಾಕುತ್ತಾರೆ. ದಯವಿಟ್ಟು ಒಪ್ಪಬೇಡಿ. ಎಂಜಿನ್ ಸರಿಯಾದ ಬಿಸಿಗೆ ಬರದಿದ್ದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಹೊಗೆಯೂ ಜಾಸ್ತಿ.

ಬಿಸಿಯಾದ ಮೇಲೆ ಮೊದಲ ಆಕ್ಸಿಜನ್ ಸೆನ್ಸರನ್ನು ಗ್ರಾಫಿನಲ್ಲಿ ಹಾಕಿಕೊಳ್ಳಿ. ಹಳೆಯ ಮಾದರಿಯದಾದರೆ 0.1ರಿಂದ 0.9 ವೋಲ್ಟ್ ನಡುವೆ ಗರಗಸದ ಹಲ್ಲಿನ ಹಾಗೆ ಮೇಲೆ ಕೆಳಗೆ ಹೋಗುತ್ತಿರುತ್ತದೆ. 0.45ಕ್ಕಿಂತ ಮೇಲಿದ್ದರೆ ಪೆಟ್ರೋಲ್ ಜಾಸ್ತಿ, ಕೆಳಗಿದ್ದರೆ ಗಾಳಿ ಜಾಸ್ತಿ. ಈ ಓಲಾಟ ಕೆಟ್ಟದ್ದಲ್ಲ. ಇಸಿಎಂ ಒಂದು ಚೂರು ಪೆಟ್ರೋಲ್ ಏರಿಸುತ್ತದೆ, ಸೆನ್ಸರ್ "ಜಾಸ್ತಿ ಆಯಿತು" ಅನ್ನುತ್ತದೆ, ಇಳಿಸುತ್ತದೆ, "ಕಡಿಮೆ ಆಯಿತು" ಅನ್ನುತ್ತದೆ. ತಕ್ಕಡಿ ಹಿಡಿದವನ ಕೈ ಹಾಗೆ. ಗಾಳಿ ಜಾಸ್ತಿಯಾದ ಗಳಿಗೆಯಲ್ಲಿ ಕ್ಯಾಟ್ ಆಮ್ಲಜನಕವನ್ನು ಕೂಡಿಟ್ಟುಕೊಳ್ಳುತ್ತದೆ, ಪೆಟ್ರೋಲ್ ಜಾಸ್ತಿಯಾದಾಗ ಅದನ್ನೇ ಖರ್ಚು ಮಾಡಿ ಉಳಿದ ಆವಿಯನ್ನು ಸುಡುತ್ತದೆ. ಹೊಸ ಕಾರುಗಳಲ್ಲಿ ಮುಂದಿನ ಸೆನ್ಸರ್ ವೈಡ್‌ಬ್ಯಾಂಡ್ ಆಗಿರುವುದು ಹೆಚ್ಚು. ಅದರಲ್ಲಿ ಈ ಗರಗಸ ಕಾಣುವುದಿಲ್ಲ, ಲ್ಯಾಮ್ಡಾ ಅಂತ 1ರ ಹತ್ತಿರ ಒಂದು ಅಂಕಿ ಬರುತ್ತದೆ. ಗರಗಸ ಇಲ್ಲ ಅಂತ ಸೆನ್ಸರ್ ಬದಲಾಯಿಸಲು ಹೋಗಬೇಡಿ.

ಫ್ಯೂಯಲ್ ಟ್ರಿಮ್: ಒಂದೇ ಅಂಕಿ ನೋಡುವುದಾದರೆ ಇದನ್ನೇ ನೋಡಿ

ಇಸಿಎಂ ತನ್ನ ಪಟ್ಟಿಗಿಂತ ಶೇಕಡಾ ಎಷ್ಟು ಪೆಟ್ರೋಲ್ ಹೆಚ್ಚು ಅಥವಾ ಕಡಿಮೆ ಕೊಡಬೇಕಾಗಿ ಬಂದಿದೆ ಅನ್ನುವುದೇ ಫ್ಯೂಯಲ್ ಟ್ರಿಮ್. ಶಾರ್ಟ್ ಟರ್ಮ್ ಅನ್ನುವುದು ಈ ಕ್ಷಣದ ತಿದ್ದುಪಡಿ, ಲಾಂಗ್ ಟರ್ಮ್ ಅನ್ನುವುದು ದಿನಗಳಿಂದ ಕಲಿತ ತಿದ್ದುಪಡಿ. ಎರಡನ್ನೂ ಕೂಡಿಸಿ. ಸೊನ್ನೆಯ ಆಚೆ ಈಚೆ 10ರ ಒಳಗಿದ್ದರೆ ಚಿಂತೆ ಇಲ್ಲ. ಪ್ಲಸ್ ಅಂದರೆ ಇಸಿಎಂ ಪೆಟ್ರೋಲ್ ಏರಿಸುತ್ತಿದೆ, ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ಬರುತ್ತಿದೆ ಅಥವಾ ಪೆಟ್ರೋಲ್ ಸರಿಯಾಗಿ ಬರುತ್ತಿಲ್ಲ. ಮೈನಸ್ ಅಂದರೆ ಎಲ್ಲಿಂದಲೋ ಬೇಡದ ಪೆಟ್ರೋಲ್ ಸೇರುತ್ತಿದೆ: ಸೋರುವ ಇಂಜೆಕ್ಟರ್ ಇರಬಹುದು, ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ಉಳಿದಿರಬಹುದು.

ಈಗ ನನ್ನ ಕಾರಿನ ಕಥೆಗೆ ಬರುತ್ತೇನೆ. ಹೊಸ ಆಕ್ಸಿಜನ್ ಸೆನ್ಸರ್ ಹಾಕಿದ ಮೇಲೂ, ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವ ಐಡ್ಲಿಂಗ್‌ನಲ್ಲಿ ಶಾರ್ಟ್ ಟರ್ಮ್ ಪ್ಲಸ್ 6, ಲಾಂಗ್ ಟರ್ಮ್ ಪ್ಲಸ್ 19. ಒಟ್ಟು 25. ಇಸಿಎಂ ಕಾಲು ಭಾಗ ಪೆಟ್ರೋಲ್ ಹೆಚ್ಚು ಕೊಟ್ಟು ಹೇಗೋ ಸಂಭಾಳಿಸುತ್ತಿತ್ತು. ಗ್ಯಾರೇಜಿನಲ್ಲಿ ಕೋಡ್ ಅಳಿಸಿದಾಗ ಕಲಿತದ್ದೂ ಅಳಿಸಿತ್ತು, ಮತ್ತೆ ಕಲಿತು ಮಿತಿ ದಾಟಲು ಒಂದು ವಾರ ಹಿಡಿಯಿತು. ಎಂಟನೇ ದಿನ ಲೈಟ್ ಬಂದದ್ದು ಹಾಗೆ.

ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂನಲ್ಲಿ ಅರ್ಧ ನಿಮಿಷ ಹಿಡಿದೆ. ಒಟ್ಟು 5ಕ್ಕೆ ಇಳಿಯಿತು. ಕಾಲು ತೆಗೆದೆ, ನಿಧಾನವಾಗಿ ಮತ್ತೆ 20 ದಾಟಿತು. ಅಲ್ಲಿಗೆ ನನಗೆ ಉತ್ತರ ಸಿಕ್ಕಿತ್ತು. ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಡಿಮೆ, ಹಾಗಾಗಿ ಸಣ್ಣ ತೂತಿನಿಂದ ಕದ್ದು ಬರುವ ಗಾಳಿಯ ಪಾಲು ದೊಡ್ಡದಾಗಿ ಕಾಣುತ್ತದೆ. ರೇಸ್ ಕೊಟ್ಟಾಗ ಗಾಳಿ ಅಷ್ಟೊಂದು ನುಗ್ಗುವುದರಿಂದ ಅದೇ ತೂತು ಲೆಕ್ಕಕ್ಕೇ ಬರುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ಐಡ್ಲಿಂಗ್‌ನಲ್ಲಿ ಸರಿಯಿದ್ದು ವೇಗ ಹೆಚ್ಚಿದ ಹಾಗೆ ಪ್ಲಸ್ ಏರಿದರೆ ಆಗ ಪೆಟ್ರೋಲ್ ಪಂಪ್, ಫಿಲ್ಟರ್, ಇಲ್ಲವೇ ಒಳಗೆ ಹೋಗುವ ಗಾಳಿ ಅಳೆಯುವ, ಕೊಳೆಯಾದ ಮಾಸ್ ಏರ್ ಫ್ಲೋ ಸೆನ್ಸರ್ ಕಡೆ ನೋಡಬೇಕು.

ಬಾನೆಟ್ ಎತ್ತಿದೆ. ಏರ್ ಫಿಲ್ಟರ್ ಡಬ್ಬಿಯಿಂದ ಎಂಜಿನ್ನಿನವರೆಗೂ ಒಂದೊಂದೇ ಹೋಸ್ ಪೈಪನ್ನು ಬೆರಳಲ್ಲಿ ಬಗ್ಗಿಸಿ ನೋಡುತ್ತಾ ಬಂದೆ. ಟ್ಯಾಪೆಟ್ ಕವರ್‌ನಿಂದ ಮ್ಯಾನಿಫೋಲ್ಡಿಗೆ ಹೋಗುವ, ಹೆಬ್ಬೆರಳು ದಪ್ಪದ ಒಂದು ಪೈಪ್. ಮೇಲಿಂದ ನೋಡಿದರೆ ಹೊಸದರ ಹಾಗಿತ್ತು. ಕೆಳಗೆ ಕೈ ಹಾಕಿದಾಗ ರಬ್ಬರ್ ಗಟ್ಟಿಯಾಗಿ, ಒಣಗಿದ ಹುಣಸೆ ಸಿಪ್ಪೆ ಹಾಗೆ ತಾಗಿತು. ಕ್ಲಿಪ್ಪಿನ ಪಕ್ಕ ಬಗ್ಗಿಸಿದೆ, ಎರಡು ಇಂಚು ಉದ್ದದ ಸೀಳು ಬಾಯಿ ಬಿಟ್ಟಿತು. ಎಂಜಿನ್ ಓಡುತ್ತಿದ್ದಾಗ ಆ ಸೀಳನ್ನು ಬೆರಳಿಂದ ಒತ್ತಿ ಹಿಡಿದೆ, ಸ್ ಅನ್ನುವ ಶಬ್ದ ನಿಂತಿತು, ಹತ್ತು ಸೆಕೆಂಡಿನಲ್ಲಿ ಶಾರ್ಟ್ ಟರ್ಮ್ ಮೈನಸ್ ಕಡೆ ಜಾರತೊಡಗಿತು. ಆ ಅಂಕಿ ಇಳಿಯುವುದನ್ನು ನೋಡಿದ ಸಂತೋಷ ಈಗಲೂ ನೆನಪಿದೆ. ಪೈಪಿಗೆ ಆದದ್ದು ಮುನ್ನೂರು ಚಿಲ್ಲರೆ. ನಾಲ್ಕೈದು ದಿನದಲ್ಲಿ ಲಾಂಗ್ ಟರ್ಮ್ ಪ್ಲಸ್ 3ಕ್ಕೆ ಬಂದು ನಿಂತಿತು.

ಕಣ್ಣಿಗೆ ಕಾಣದ ಸೀಳು ಹುಡುಕಲು ಕೆಲವರು ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಹೊಡೆಯುತ್ತಾರೆ. ಅದು ಬೆಂಕಿ ಹತ್ತುವ ವಸ್ತು, ಬಿಸಿ ಸೈಲೆನ್ಸರ್ ಪೈಪಿನ ಪಕ್ಕ ಬೇಡ. ಇಸ್ತ್ರಿಗೆ ಬಳಸುವ ನೀರಿನ ಸ್ಪ್ರೇ ಬಾಟಲಿ ಸಾಕು, ವೈರಿಂಗ್ ಕಪ್ಲರ್‌ಗಳ ಮೇಲೆ ಬೀಳದ ಹಾಗೆ ಪೈಪಿನ ಸಂದಿಗೆ ಹೊಡೆಯಿರಿ. ನೀರು ಸೀಳನ್ನು ಒಂದು ಗಳಿಗೆ ಮುಚ್ಚಿದಾಗ ಎಂಜಿನ್ ಶಬ್ದ ಬದಲಾಗುತ್ತದೆ.

ಇಲ್ಲಿ ಒಂದು ವಿಷಯ ಸರಿಯಾಗಿ ಗಮನಿಸಿ. ನನ್ನ ಕಾರಿನಲ್ಲಿ ಮಾಸ್ ಏರ್ ಫ್ಲೋ ಸೆನ್ಸರ್ ಇದೆ, ಏರ್ ಫಿಲ್ಟರ್ ದಾಟಿದ ಕೂಡಲೇ ಗಾಳಿಯನ್ನು ಅಳೆಯುತ್ತದೆ. ಅದರ ನಂತರ ಕದ್ದು ಬಂದ ಗಾಳಿ ಅದರ ಲೆಕ್ಕಕ್ಕೆ ಸಿಗುವುದಿಲ್ಲ, ಟ್ರಿಮ್ ಏರುತ್ತದೆ. ಆದರೆ ನಮ್ಮ ರಸ್ತೆಯ ಎಷ್ಟೋ ಚಿಕ್ಕ ಪೆಟ್ರೋಲ್ ಕಾರುಗಳಲ್ಲಿ ಆ ಸೆನ್ಸರ್ ಇಲ್ಲ, ಮ್ಯಾಪ್ ಒಂದರಿಂದಲೇ ಲೆಕ್ಕ. ಅವುಗಳಲ್ಲಿ ಕದ್ದು ಬಂದ ಗಾಳಿಯೂ ಮ್ಯಾನಿಫೋಲ್ಡ್ ಒತ್ತಡವನ್ನು ಏರಿಸುವುದರಿಂದ ಇಸಿಎಂ ಅದಕ್ಕೂ ಪೆಟ್ರೋಲ್ ಕೊಡುತ್ತದೆ. ಅಲ್ಲಿ ಟ್ರಿಮ್ ಅಷ್ಟಾಗಿ ಏರುವುದಿಲ್ಲ, ಬದಲಿಗೆ ಐಡ್ಲಿಂಗ್ ಆರ್‌ಪಿಎಂ ಸುಮ್ನೆ ಏರಿ ಕೂರುತ್ತದೆ. ಐಡ್ಲಿಂಗ್‌ನಲ್ಲಿ 30ರಿಂದ 40 ಇರಬೇಕಾದ ಮ್ಯಾಪ್ ಅದಕ್ಕಿಂತ ಮೇಲೆ ಕಂಡರೆ ಅನುಮಾನ ಪಡಿ. ಆದರೆ ಎಸಿ ಆಫ್ ಮಾಡಿ ನೋಡಿ, ಎಸಿ ಹಾಕಿದರೂ ಏರುತ್ತದೆ.

ಇ20 (ಶೇಕಡಾ 20 ಎಥನಾಲ್ ಬೆರೆಸಿದ) ಪೆಟ್ರೋಲ್ ಬಂದ ಮೇಲೆ ಟ್ರಿಮ್ ಸ್ವಲ್ಪ ಪ್ಲಸ್ ಕಡೆ ಹೋಗಿದೆ ಅಂತ ಕೇಳುವವರು ಇದ್ದಾರೆ. ಅದು ಸಹಜ. ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಇ20ಗೆ 14.7ರ ಬದಲು 13.5ರ ಸುತ್ತ ಗಾಳಿ ಸಾಕು, ಅಂದರೆ ಅಷ್ಟೇ ಗಾಳಿಗೆ ಇಂಧನ ಜಾಸ್ತಿ ಬೇಕು. ಕಡಿಮೆ ಎಥನಾಲ್‌ಗೆ ಪಟ್ಟಿ ಬರೆದ ಹಳೆಯ ಕಾರಿನ ಇಸಿಎಂ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಅದನ್ನು ತಾನೇ ಸರಿದೂಗಿಸುತ್ತದೆ. ಅಂಥ ಕಾರಿನಲ್ಲಿ ನಾಲ್ಕೈದು ಪ್ಲಸ್ ಕಂಡರೆ ಯಾವ ಪಾರ್ಟನ್ನೂ ಬಿಚ್ಚಬೇಡಿ.

ಲೈಟ್ ಮಿಟುಕುತ್ತಿದ್ದರೆ

ಲೈಟ್ ಸ್ಥಿರವಾಗಿ ಉರಿಯುತ್ತಿದ್ದರೆ ಮನೆಯವರೆಗೆ ಹೋಗಬಹುದು. ಮಿಟುಕುತ್ತಿದ್ದರೆ ಕಾಲು ಹಗುರ ಮಾಡಿ, ಪಕ್ಕಕ್ಕೆ ಹಾಕಿ. ಎಂಜಿನ್ ಜೋರಾಗಿ ಮಿಸ್ ಹೊಡೆಯುತ್ತಿದೆ ಅಂತ ಅರ್ಥ. ಉರಿಯದ ಪೆಟ್ರೋಲ್ ನೇರ ಕ್ಯಾಟಿಗೆ ಹೋಗಿ ಅಲ್ಲಿ ಉರಿಯುತ್ತದೆ, ಒಳಗಿನ ಸೆರಾಮಿಕ್ ಕರಗಬಹುದು. ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಒಂದು ಕಾಯಿಲ್ ಬೆಲೆಯಲ್ಲಿ ಮುಗಿಯುವುದು ಕ್ಯಾಟಿನ ಬೆಲೆಗೆ ಹೋಗುತ್ತದೆ.

ಇಸಿಎಂಗೆ ಮಿಸ್ ಗೊತ್ತಾಗುವುದು ಕ್ರ್ಯಾಂಕ್ ಸೆನ್ಸರಿನಿಂದಲೇ. ಪ್ರತಿ ಸಿಲಿಂಡರ್ ಉರಿದಾಗ ಕ್ರ್ಯಾಂಕ್ ಒಂದು ಎಳೆಯಷ್ಟು ವೇಗ ಪಡೆಯುತ್ತದೆ. ಯಾವ ಸರದಿಯಲ್ಲಿ ಆ ತಳ್ಳು ಬರಲಿಲ್ಲವೋ ಅದೇ ಸಿಲಿಂಡರ್. ಪಿ0302 ಅಂದರೆ ಎರಡನೆಯದು. ಎಂಜಿನ್ ಆಫ್ ಮಾಡಿ, ತಣ್ಣಗಾಗಲು ಬಿಟ್ಟು, ಎರಡನೆಯ ಕಾಯಿಲನ್ನು ಮೂರನೆಯದರ ಜೊತೆ ಅದಲುಬದಲು ಮಾಡಿ. ಕೋಡ್ ಅಳಿಸಿ ಓಡಿಸಿ. ಈಗ ಪಿ0303 ಬಂದರೆ ಕಾಯಿಲೇ ಕೆಟ್ಟಿದೆ. ಪಿ0302 ಅಲ್ಲೇ ಉಳಿದರೆ ಪ್ಲಗ್ ಅದಲುಬದಲು ಮಾಡಿ ನೋಡಿ, ಆಮೇಲೆ ಇಂಜೆಕ್ಟರ್. ಖರ್ಚು ಏನೂ ಇಲ್ಲ.

ಕ್ಯಾಟ್ ಕೋಡ್ ಬಂದರೆ ಅವಸರ ಬೇಡ

ಕ್ಯಾಟ್ ಆದ ಮೇಲೆ ಎರಡನೆಯ ಆಕ್ಸಿಜನ್ ಸೆನ್ಸರ್ ಇದೆ. ಅದರ ಮುಖ್ಯ ಕೆಲಸ ಕಾವಲು. ಮುಂದಿನದು ಓಲಾಡುತ್ತಿದ್ದರೂ ಇದು 0.6, 0.7ರ ಸುತ್ತ ನಿಧಾನವಾಗಿ ಇರಬೇಕು, ಆಮ್ಲಜನಕದ ಏರಿಳಿತವನ್ನು ಕ್ಯಾಟ್ ನುಂಗಿಕೊಂಡಿದೆ ಅಂತ ಅರ್ಥ. ಹಿಂದಿನದೂ ಮುಂದಿನದರ ಹಾಗೆಯೇ ಗರಗಸ ಹಾಕಿದರೆ ಪಿ0420 ಬರುತ್ತದೆ. ಆದರೂ ಮೊದಲು ಪೈಪಿನ ಜಾಯಿಂಟಿನಲ್ಲಿ ಎಲ್ಲಾದರೂ ಹೊಗೆ ಸೋರುತ್ತಿದೆಯಾ, ಎಂಜಿನ್ ಆಯಿಲ್ ಕುಡಿಯುತ್ತಿದೆಯಾ, ಮಿಸ್ ಇದೆಯಾ ನೋಡಿ. ಕಾರಣ ಉಳಿಸಿಕೊಂಡು ಹೊಸ ಕ್ಯಾಟ್ ಹಾಕಿದರೆ ಅದೂ ಹಾಳಾಗುತ್ತದೆ.

ಕ್ಯಾಟ್ ಕಿತ್ತು ಖಾಲಿ ಪೈಪ್ ಹಾಕಿ, ಹಿಂದಿನ ಸೆನ್ಸರಿಗೆ ಸುಳ್ಳು ಸಿಗ್ನಲ್ ಕೊಟ್ಟು ಲೈಟ್ ಆರಿಸಿಕೊಡುವವರು ಇದ್ದಾರೆ. ದಯವಿಟ್ಟು ಮಾಡಿಸಬೇಡಿ. 2020ರ ಏಪ್ರಿಲ್ 1ರಿಂದ ಬಿಎಸ್6 ಬಂತು. ಪೆಟ್ರೋಲ್ ಕಾರಿನ ನೈಟ್ರೋಜನ್ ಆಕ್ಸೈಡ್ ಮಿತಿ ಕಿಲೋಮೀಟರಿಗೆ 80 ಮಿಲಿಗ್ರಾಂನಿಂದ 60ಕ್ಕೆ ಇಳಿಯಿತು, ಇಂಧನದ ಗಂಧಕ 50 ಪಿಪಿಎಂನಿಂದ 10ಕ್ಕೆ ಬಂತು. 2023ರ ಏಪ್ರಿಲ್‌ನಿಂದ ಲ್ಯಾಬ್ ಮಾತ್ರವಲ್ಲ, ರಸ್ತೆಯಲ್ಲಿ ಓಡಿಸಿಯೂ ಅಳೆಯುತ್ತಾರೆ. ಇಷ್ಟೆಲ್ಲ ಆದ ಮೇಲೆ ಒಂದು ಪೈಪ್ ಕತ್ತರಿಸಿದರೆ ಆ ಕಾರು ಹಳೆಯ ಕಾಲದ ಹೊಗೆಗೆ ವಾಪಸ್. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಅದರ ಹಿಂದೆ ಸ್ಕೂಟರಿನಲ್ಲಿ ಅಪ್ಪನ ಮುಂದೆ ನಿಂತ ಮಗುವಿನ ಮುಖ ಸರಿಯಾಗಿ ಸೈಲೆನ್ಸರ್ ಹೊಗೆ ಬರುವ ಕಡೆಗೇ ಇರುತ್ತದೆ.

ಡೀಸೆಲ್ ಕಾರಿನವರಿಗೆ ಇದೇ ಮಾತು ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಬಗ್ಗೆ. ಅದರ ಮುಂದೆ ಹಿಂದೆ ಒತ್ತಡ ಅಳೆಯುವ ಸೆನ್ಸರ್ ಇದೆ, ಮಸಿ ತುಂಬಿದಾಗ ಇಸಿಎಂ ಹೊಗೆಯನ್ನು 600 ಡಿಗ್ರಿ ಹತ್ತಿರಕ್ಕೆ ಕಾಯಿಸಿ ಸುಡುತ್ತದೆ. ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸಿದರೆ ಅದು ಪೂರ್ತಿಯಾಗುವುದಿಲ್ಲ. ಡಿಪಿಎಫ್ ಲೈಟ್ ಬಂದರೆ ಮ್ಯಾನುಯಲ್ ಹೇಳಿದ ಹಾಗೆ ಹೈವೇಯಲ್ಲಿ ಹದಿನೈದು ಇಪ್ಪತ್ತು ನಿಮಿಷ ನಿಲ್ಲಿಸದೆ ಓಡಿಸಿ, ಮಧ್ಯದಲ್ಲಿ ಆಫ್ ಮಾಡಬೇಡಿ.

ಅಳಿಸುವ ಮೊದಲು ಬರೆದಿಟ್ಟುಕೊಳ್ಳಿ

ಕೋಡ್ ಕಂಡ ಕೂಡಲೇ ಕ್ಲಿಯರ್ ಒತ್ತಬೇಡಿ. ಕೋಡ್ ಬಿದ್ದ ಗಳಿಗೆಯ ವೇಗ, ಬಿಸಿ, ಆರ್‌ಪಿಎಂ, ಟ್ರಿಮ್ ಎಲ್ಲ ಫ್ರೀಜ್ ಫ್ರೇಮ್ ಅಂತ ಉಳಿದಿರುತ್ತದೆ. ಕ್ಲಿಯರ್ ಮಾಡಿದರೆ ಅದೂ ಹೋಗುತ್ತದೆ, ಎಷ್ಟೋ ಕಾರುಗಳಲ್ಲಿ ಕಲಿತ ಟ್ರಿಮ್ ಕೂಡ ಹೋಗುತ್ತದೆ. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ಗ್ಯಾರೇಜಿಗೆ ಹೋದಾಗ "ಲೈಟ್ ಬಂದಿದೆ" ಅನ್ನುವ ಬದಲು "ಐಡ್ಲಿಂಗ್‌ನಲ್ಲಿ ಟ್ರಿಮ್ 25, ರೇಸ್ ಕೊಟ್ಟರೆ 5ಕ್ಕೆ ಬರುತ್ತೆ, ಹೋಸ್ ಪೈಪ್ ಒಮ್ಮೆ ನೋಡಿ ಅಣ್ಣ" ಅನ್ನಿ. ಒಳ್ಳೆಯ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಉಳಿಯುತ್ತದೆ, ಖುಷಿಯಿಂದ ಕೇಳುತ್ತಾರೆ.

ಕಾರು ಚೆನ್ನಾಗಿರುವಾಗಲೇ ಒಂದು ಸಲ ಎಲ್ಲ ಅಂಕಿ ನೋಡಿ ಬರೆದಿಡಿ, ಹೋಲಿಸಲು ಬೇಕಾಗುತ್ತದೆ. ನನ್ನ ಗ್ಲೋವ್ ಬಾಕ್ಸಿನ ಚೀಟಿಯಲ್ಲಿ ಇರುವುದು ಇಷ್ಟು: ಬೆಂಗಳೂರು, ಎಂಜಿನ್ ಆಫ್ ಇದ್ದಾಗ ಮ್ಯಾಪ್ 91. ಎಂಜಿನ್ ಬಿಸಿ, ಎಸಿ ಆಫ್, ಐಡ್ಲಿಂಗ್ 750, ಮ್ಯಾಪ್ 33. ಕೂಲೆಂಟ್ 88ರಿಂದ 94. ಲಾಂಗ್ ಟರ್ಮ್ ಪ್ಲಸ್ 3. ಹಿಂದಿನ ಆಕ್ಸಿಜನ್ ಸೆನ್ಸರ್ 0.68, ಹೆಚ್ಚು ಅಲುಗಾಟ ಇಲ್ಲ.